ಎದುರು ಸಾಲಿನಲ್ಲಿ ಕೂತ ಅಣ್ಣ

ಐವತ್ತಾರರ ನವೆಂಬರಿನಲ್ಲಿ ನಾವೆಲ್ಲ ಕೂತಲ್ಲೇ ರಾಜ್ಯ ಬದಲಿಸಿದೆವು. ಮುಂಬಯಿ ರಾಜ್ಯದವರಾಗಿ ಮಲಗಿದವರು ಮೈಸೂರು ರಾಜ್ಯದವರಾಗಿ ಎದ್ದೆವು. ಕಾನಸೂರಿನ ನಮ್ಮ ಕಿರಾಣಿ ಅಂಗಡಿಯ ಜಗಲಿಯಲ್ಲಿ ಅಂದೂ ಚದುರಂಗದ ಮಣೆ ಹಾಸಿತ್ತು. ಅಪ್ಪಯ್ಯ ಯಾರದೋ ಮಂತ್ರಿಯನ್ನು ಹೊಡೆಯುತ್ತಲೇ ಇದ್ದ. ಗಾಬರಿಯಾಗಲು ಯಾರಿಗೂ ಏನೂ ಆದಂತಿರಲಿಲ್ಲ. ನನಗೆ ಜೀವ ಬಾಯಿಗೆ ಬಂದಂತಾದದ್ದು ಅದಾಗಿ ಎರಡು ವರ್ಷಕ್ಕೆ, ನನ್ನ ಅಣ್ಣ ತಾಲೂಕು ಬದಲಿಸಿದಾಗ.

ಅಣ್ಣ ಆಟ ಕಲಿತದ್ದು ಅದೇ ಜಗಲಿಯಲ್ಲಿ. ಅಪ್ಪಯ್ಯ ಒಳಗೆ ಬೆಲ್ಲ ತೂಗುತ್ತ, ಮಣೆಯ ಕಡೆ ನೋಡದೆಯೇ ಕೂಗಿ ನಡೆ ಹೇಳುತ್ತಿದ್ದ. ಅಣ್ಣ ಅವನ ಕಾಯಿಯನ್ನೂ ತನ್ನದನ್ನೂ ತಾನೇ ನಡೆಸುತ್ತಿದ್ದ. ಒಂಬತ್ತನೇ ವಯಸ್ಸಿಗೆ ಅಪ್ಪಯ್ಯನನ್ನು ಸೋಲಿಸಿದ. ಹದಿನಾಲ್ಕಕ್ಕೆ ಬರುವಷ್ಟರಲ್ಲಿ, ಅವನು ತನ್ನದೊಂದು ಆನೆಯನ್ನು ತೆಗೆದಿಟ್ಟು ಆಡುವುದಾದರೆ ಮಾತ್ರ ದೊಡ್ಡವರು ಎದುರಿಗೆ ಕೂರುತ್ತಿದ್ದರು. ಶಿರಸಿಯ ವಕೀಲರೊಬ್ಬರು ಅವನಿಗೆ ಸೋತು, ಕರೀ ಕೋಟಿನ ಜೇಬಿನಿಂದ ಪೆಪ್ಪರಮಿಂಟು ತೆಗೆದು ಕೊಟ್ಟಿದ್ದನ್ನು ನಾನೇ ಕಂಡಿದ್ದೇನೆ.

ನಮ್ಮದು ಪುಸ್ತಕದ ಆಟವಲ್ಲ, ಊರ ಆಟ. ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುತ್ತಿತ್ತು. ರಾಜನಿಗೆ ಮಾತ್ರ ಒಂದು ಸವಲತ್ತು: ಆಟದಲ್ಲಿ ಒಮ್ಮೆ ಕುದುರೆಯ ಹಾಗೆ ಹಾರಬಹುದು. ಆದರೆ ಶಹ, ಅಂದರೆ ಚೆಕ್, ಬೀಳುವ ಮೊದಲು ಹಾರಬೇಕು. ಒಂದು ಸಲ ಶಹ ಬಿತ್ತೋ, ಆ ರಾಜ ಆಮೇಲೆ ನಡೆದೇ ಬದುಕಬೇಕು, ಇಲ್ಲಾ ಸಾಯಬೇಕು. ಇದರ ಮೇಲೆ ಅಪ್ಪಯ್ಯನ ಎರಡು ಕಾನೂನು. ಮುಟ್ಟಿದ ಕಾಯಿ ನಡೆಸಲೇಬೇಕು. ಎದುರಿಗಿರುವವರು ಸಣ್ಣವರು ಎಂದೋ ದೊಡ್ಡವರು ಎಂದೋ ಆಟ ಬಿಟ್ಟುಕೊಡಬಾರದು. ಶಹ ಬಿದ್ದದ್ದನ್ನು ನಾನು ಮರೆಯುತ್ತಿದ್ದುದರಿಂದ ಅಣ್ಣ ಒಂದು ಉಪಾಯ ಹೇಳಿಕೊಟ್ಟಿದ್ದ: ಶಹ ಬಿದ್ದ ಕೂಡಲೇ ಜಡೆಯ ರಿಬ್ಬನ್ನಿನ ತುದಿಗೆ ಒಂದು ಗಂಟು ಹಾಕುವುದು.

ವರ್ಷಕ್ಕೊಮ್ಮೆ ಶಿರಸಿಯ ಛತ್ರವೊಂದರಲ್ಲಿ ನಮ್ಮ ಸಿದ್ದಾಪುರ ತಾಲೂಕಿಗೂ ಯಲ್ಲಾಪುರ ತಾಲೂಕಿಗೂ ಪಂದ್ಯ. ಒಂದೊಂದು ಕಡೆಗೆ ಐದೈದು ಜನ, ಐದು ಮಣೆ. ಶಿರಸಿಯವರದು ಪಂಚಾಯ್ತಿಕೆ ಮತ್ತು ಅಡುಗೆ. ಸೋತವರು ಪಂಚೆ ಎತ್ತಿ ಕಟ್ಟಿ ಗೆದ್ದವರಿಗೆ ಬಡಿಸಬೇಕು. ಸಿದ್ದಾಪುರದ ಮೊದಲನೇ ಮಣೆ ಅಪ್ಪಯ್ಯನದು, ಎರಡನೆಯದು ಅಣ್ಣನದು. ಅಲ್ಲಿ ಅಪ್ಪಯ್ಯ ಕೂತು ಉಂಡವನೇ ಹೊರತು ಒಂದು ಸಲವೂ ಸೌಟು ಹಿಡಿದವನಲ್ಲ.

ಯಲ್ಲಾಪುರದ ಮುಖಂಡ ಅಪ್ಪಯ್ಯನ ದಾಯಾದಿ ಅಣ್ಣ, ನನಗೆ ದೊಡ್ಡಪ್ಪ. ಮಕ್ಕಳಿರಲಿಲ್ಲ. ಎರಡನೇ ಮಣೆಯಲ್ಲಿ ಎರಡು ವರ್ಷ ಅಣ್ಣನಿಗೆ ಸೋತು ಅವನಿಗೇ ಪಾಯಸ ಬಡಿಸಿದ ದೊಡ್ಡಪ್ಪ, ಎರಡನೇ ವರ್ಷ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ, "ಈ ಮಾಣಿನ ಎಂಗೆ ಕೊಡಾ ತಮಾ" ಅಂದ. ಹುಡುಗನನ್ನೇ ಕೇಳಿದನೆಂದು ಎಲ್ಲರೂ ನಕ್ಕರು. ಅವನು ನಗಲಿಲ್ಲ. ಆಮೇಲೆ ದೊಡ್ಡಮ್ಮ ಎರಡು ಸಲ ನಮ್ಮನೆಗೆ ಬಂದು ಅತ್ತಳು. ಆಯಿ, ನಮ್ಮ ಅಮ್ಮ, ಒಂದು ತಿಂಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಕಡೆಗೊಂದು ದಿನ ಒಲೆಯ ಮುಂದೆ ಕೂತು, "ಕಾಲೇಜಿಗೆ ಕಳಿಸ್ತ್ವಡ" ಅಂದಳು. ಅವರು ಕಾಲೇಜು ಓದಿಸುತ್ತಾರಂತೆ ಎಂಬುದೇ ಅವಳ ಒಪ್ಪಿಗೆ.

ದತ್ತು ಹೋಮ ಯಲ್ಲಾಪುರದಲ್ಲಿ ಆಯಿತು. ಹಿರಿಯರೊಬ್ಬರು ಅಣ್ಣನನ್ನು ಕೂರಿಸಿಕೊಂಡು, ಇನ್ನು ಮುಂದೆ ದೊಡ್ಡಪ್ಪನನ್ನು ಅಪ್ಪಯ್ಯ ಎನ್ನಬೇಕು, ಹೆತ್ತ ಅಪ್ಪನನ್ನು ಅಪ್ಪಚ್ಚಿ ಎನ್ನಬೇಕು ಎಂದು ತಿಳಿಹೇಳಿದರು. ನಮ್ಮಲ್ಲಿ ಚಿಕ್ಕಪ್ಪನಿಗೆ ಅಪ್ಪಚ್ಚಿ ಎನ್ನುತ್ತಾರೆ. ಆ ಇಡೀ ದಿನ ಅಣ್ಣ ಯಾರನ್ನೂ ಏನೆಂದೂ ಕರೆಯಲಿಲ್ಲ.

ಕಾನಸೂರಿಗೆ ಮರಳಿದ ಮೇಲೆ ಎದುರಂಗಡಿಯ ದರ್ಜಿ ಸುಮ್ಮನಿರಬೇಕಲ್ಲ. "ಎಂತ ಭಾವ, ಆಟದಲ್ಲಿ ಗೆಲ್ಲಲಾಗದ್ದೆ ನಿನ್ನ ಕಾಯಿನೇ ಎತ್ಕಂಡು ಹೋದ್ನಲ ಅಂವ!" ಅಪ್ಪಯ್ಯನೂ ನಕ್ಕ. ಮುಂದಿನ ಪಂದ್ಯದ ಯೋಚನೆ ಅವನಿಗೆ ಬಂದಿರಲೇ ಇಲ್ಲ ಎಂದು ಈಗ ಅನ್ನಿಸುತ್ತದೆ. ಬಂದದ್ದು ಆಯಿಗೆ ಮಾತ್ರ.

ಪಂದ್ಯದ ದಿನ ಬೆಳಿಗ್ಗೆ ಆಯಿ ಹಾಳೆಯಂಥ ಸಿಹಿತಿಂಡಿ ತೊಡದೇವಿನ ಡಬ್ಬಿ ನನ್ನ ಕೈಗಿತ್ತು, "ಅಣ್ಣಂಗೆ ಕೊಡು. ಅಪ್ಪಯ್ಯ ಊರೆದುರು ಸೌಟು ಹಿಡಿಯ ಹಾಂಗೆ ಮಾಡಡ ಹೇಳಿ ಹೇಳು" ಅಂದಳು. ನನಗೆ ನಗು ಬಂತು. ಅಣ್ಣ ಅಪ್ಪಯ್ಯನನ್ನು ಸೋಲಿಸಿ ಹಾಗೇಕೆ ಮಾಡುತ್ತಾನೆ? ಅವನು ನಮ್ಮವನಲ್ಲವೇ?

ಛತ್ರದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ಯಲ್ಲಾಪುರದ ಸಾಲಿನಲ್ಲಿ, ಮೊದಲನೇ ಮಣೆಯ ಹಿಂದೆ, ಹೊಸ ಕೋಟು ಹಾಕಿ ಅಣ್ಣ ಕೂತಿದ್ದ. ದೊಡ್ಡಪ್ಪ ಎಂದಿನಂತೆ ಎರಡನೇ ಮಣೆಯ ಹಿಂದಿದ್ದ. ನಾನು ಅಲ್ಲೇ ನಿಂತೆ. ಹಿಂದೆ ಬರುತ್ತಿದ್ದ ಅಪ್ಪಯ್ಯನೂ ನಿಂತ. ಆಮೇಲೆ ಕೆಮ್ಮಿ, ಹೆಗಲ ಮೇಲಿನ ಶಾಲು ಸರಿಮಾಡಿಕೊಂಡು ಹೋಗಿ ಅವನೆದುರು ಕೂತ.

ಆಟ ಶುರುವಾಗುವ ಮೊದಲು ಡಬ್ಬಿ ಕೊಟ್ಟು ಆಯಿಯ ಮಾತನ್ನು ಅಣ್ಣನ ಕಿವಿಯಲ್ಲಿ ಹೇಳಿದೆ. ಅವನು ಒಂದು ತೊಡದೇವು ಮುರಿದು ಬಾಯಿಗೆ ಹಾಕಿಕೊಂಡ.

"ಆಯಿ ಆರಾಮಿದ್ದನೆ?"

"ಇದ್ದು."

ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು ಕಾಯಿ ಜೋಡಿಸತೊಡಗಿದ.

ನಾಲ್ಕು ಮಣೆ ಮುಗಿದಾಗ ಎರಡು ಅವರಿಗೆ, ಎರಡು ನಮಗೆ. ಉಳಿದದ್ದು ಮೊದಲನೇ ಮಣೆ. ಎಲ್ಲರೂ ಅದರ ಸುತ್ತ ಬಂದು ನಿಂತರು. "ಮಾಣಿ ಬಿಟ್ಟುಕೊಡ್ತ, ನೋಡ್ತಾ ಇರು" ಎಂದು ನಮ್ಮ ಕಡೆಯವರೊಬ್ಬರು ಪಿಸುಗುಟ್ಟಿದ್ದು ನನಗೇ ಕೇಳಿತು ಅಂದಮೇಲೆ ಅವರಿಬ್ಬರಿಗೂ ಕೇಳಿರಬೇಕು. ಸುರುವಿನಲ್ಲೇ ಅಣ್ಣನ ಕುದುರೆ ಒಂದು ಶಹ ಕೊಟ್ಟಿತ್ತು. ಅಪ್ಪಯ್ಯ ರಾಜನನ್ನು ಪಕ್ಕದ ಮನೆಗೆ ಸರಿಸಿಕೊಂಡಿದ್ದ. ಅದಾಗಿ ಬಹಳ ಹೊತ್ತಾಗಿತ್ತು. ತಂದಿಟ್ಟ ಚಾ ಇಬ್ಬರದೂ ತಣಿದು ಕೆನೆಗಟ್ಟಿತ್ತು.

ಅಪ್ಪಯ್ಯನ ರಾಜ ಮೂಲೆಯಲ್ಲಿ ತನ್ನ ಕಾಲಾಳುಗಳ ಹಿಂದೆಯೇ ಸಿಕ್ಕಿಬಿದ್ದಿದ್ದ. ಅಣ್ಣನ ಆನೆ ಇನ್ನೇನು ಬರುವುದರಲ್ಲಿತ್ತು. ಆಗ ಅಪ್ಪಯ್ಯ ರಾಜನನ್ನು ಬೆರಳತುದಿಯಲ್ಲಿ ಎತ್ತಿ, ಕಾಲಾಳಿನ ತಲೆಯ ಮೇಲಿಂದ ಕುದುರೆಯ ಹಾಗೆ ಹಾರಿಸಿ ಬಯಲಿಗೆ ತಂದಿಟ್ಟ. "ಭಲೆ!" ಎಂದು ಕೂಗೆದ್ದಿತು. ಶಿರಸಿಯ ಪಂಚರೂ ತಲೆದೂಗಿದರು.

ನನ್ನ ಕೈ ರಿಬ್ಬನ್ನಿಗೆ ಹೋಯಿತು. ಸುರುವಿನ ಶಹಕ್ಕೆ ರೂಢಿಯಂತೆ ನಾನು ಹಾಕಿದ ಗಂಟು ಅಲ್ಲಿತ್ತು.

ಅಪ್ಪಯ್ಯ ಮೋಸ ಮಾಡುವವನಲ್ಲ. ಮರೆತಿದ್ದ. ಇದ್ದವರೆಲ್ಲ ಮರೆತಿದ್ದರು. ಅಣ್ಣ ಮಣೆಯನ್ನು ನೋಡಿದ, ತಲೆಯೆತ್ತಿ ನನ್ನ ರಿಬ್ಬನ್ನನ್ನು ನೋಡಿದ. ಸುಮ್ಮನಿರು, ಸುಮ್ಮನಿರು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಅಪ್ಪಚ್ಚಿ, ಆಗಲೇ ಶಹ ಬಿದ್ದಿತ್ತು. ರಾಜ ಹಾರ ಹಾಂಗಿಲ್ಲೆ."

ಹಾರುವಂತಿಲ್ಲ ಎಂದದ್ದಕ್ಕಿಂತ ಆ ಮೊದಲ ಮಾತು ನನ್ನ ಎದೆಗೆ ಬಡಿಯಿತು. ಅಲ್ಲಿಯವರೆಗೆ ಅವನ ಬಾಯಲ್ಲಿ ಅದನ್ನು ನಾನು ಕೇಳಿರಲಿಲ್ಲ.

"ಹೆತ್ತ ಅಪ್ಪಂಗೆ ಹೇಳ ಮಾತನಾ ಇದು?" ಎಂದು ನಮ್ಮ ಕಡೆಯಿಂದ ಯಾರೋ ಸಿಡಿದರು. ದೊಡ್ಡಪ್ಪನೂ ಮುಂದೆ ಬಗ್ಗಿ, "ಹೋಗ್ಲಿ ಬಿಡಾ ತಮಾ" ಅಂದ. ಅಣ್ಣ ಯಾರ ಕಡೆಗೂ ತಿರುಗಲಿಲ್ಲ. ಪಂಚರು ಮುಖ ಮುಖ ನೋಡಿಕೊಂಡರು. ಶಹ ಬಿದ್ದದ್ದು ಅವರಿಗೆ ನೆನಪಿರಲಿಲ್ಲ.

ಅಪ್ಪಯ್ಯ ನನ್ನ ಕಡೆ ತಿರುಗಿದ. "ಕೂಸೆ, ಬಿದ್ದಿತ್ತನೆ?"

ಆಯಿ ಹೇಳಿದ್ದು ಒಂದು ಕಿವಿಯಲ್ಲಿ, ಅಪ್ಪಯ್ಯನ ಕಾನೂನು ಇನ್ನೊಂದು ಕಿವಿಯಲ್ಲಿ. ಜಡೆಯನ್ನು ಮುಂದಕ್ಕೆಳೆದು ಗಂಟು ತೋರಿಸಿದೆ.

ಅಪ್ಪಯ್ಯ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿ ಬಿಟ್ಟ. ಹಾರಿಸಿದ ರಾಜನನ್ನು ವಾಪಸು ಮೂಲೆಗೆ ಇಟ್ಟ. "ಬೇರೆ ಕಾಯಿ ನಡಸಿ, ಅಡ್ಡಿಲ್ಲೆ" ಎಂದರು ಪಂಚರು. ಬೇರೆ ಕಾಯಿ ನಡೆಸಿದ್ದರೆ ಆಟ ಉಳಿಯುತ್ತಿತ್ತು.

"ಮುಟ್ಟಿದ ಕಾಯಿ ನಡೆಸವು" ಅಂದ ಅಪ್ಪಯ್ಯ. ರಾಜನಿಗೆ ಹೋಗಲು ಒಂದೇ ಮನೆ ಇತ್ತು, ಅದು ಸಾಯುವ ಮನೆ. ಅಲ್ಲಿಗೇ ನಡೆಸಿದ. ಎರಡು ನಡೆಗೆ ಆಟ ಮುಗಿಯಿತು.

ಊಟಕ್ಕೆ ಎಲೆ ಹಾಕಿದರು. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿದ. ಬೇರೆಯವರು "ನೀ ಬ್ಯಾಡ, ಕೂತ್ಗ" ಎಂದು ಪಾಯಸದ ಬಕೆಟ್ಟಿಗೆ ಕೈ ಹಾಕಿದರೂ ಬಿಡಲಿಲ್ಲ. ಸಾಲಿನುದ್ದಕ್ಕೂ ಬಡಿಸುತ್ತ ಬಂದು ಅಣ್ಣನ ಎಲೆಯ ಮುಂದೆ ಬಗ್ಗಿದ. ಅಣ್ಣ ಎಲೆಯಿಂದ ಕಣ್ಣೆತ್ತಲಿಲ್ಲ. ಅವನ ಕಿವಿ ಕೆಂಪಗಾಗಿತ್ತು. ಒಂದು ಸೌಟು ಹಾಕಿದ ಅಪ್ಪಯ್ಯ, ಊರಿನಿಂದ ಬಂದ ನೆಂಟರನ್ನು ಕೇಳುವಂತೆ ಕೇಳಿದ: "ನಿಂಗಕ್ಕೆ ಇನ್ನೊಂಚೂರು ಬಡಿಸ್ಲಾ?"

ಹುಟ್ಟಿದಾಗಿನಿಂದ "ಏ ಮಾಣಿ" ಎಂದು ಕೂಗಿದವನು ಈಗ ಬಹುವಚನಕ್ಕೆ ಬಂದಿದ್ದ.

ಅಣ್ಣ ಎಲೆಯನ್ನು ಒಂದಿಷ್ಟು ಮುಂದಕ್ಕೆ ಸರಿಸಿದ.

ಸಂಜೆ ಮನೆ ಮುಟ್ಟಿದಾಗ ಆಯಿ ಬಾಗಿಲಲ್ಲೇ ನಿಂತಿದ್ದಳು. ಅಪ್ಪಯ್ಯನ ಪಂಚೆಯ ಅಂಚಿಗೆ ಪಾಯಸದ ಕಲೆ ಇತ್ತು. ಅದನ್ನು ನೋಡಿದ ಮೇಲೆ, ಯಾರು ಗೆದ್ದರು ಎಂದು ಕೇಳಲಿಲ್ಲ.

"ಸರೀ ಉಂಡ್ನ?" ಅಂದಳು.

"ಎರಡು ಸಲ ಹಾಕಿಸ್ಕಂಡ" ಎಂದು ಅಪ್ಪಯ್ಯ ಕೈಕಾಲು ತೊಳೆಯಲು ಹೋದ.