ಟೀಚರಮ್ಮನ ಸಾಕ್ಷಿ

ಹೋದ ತಿಂಗಳು ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಗೆ ಹೊಲಿಗೆ ಮೆಷಿನ್ ರಿಪೇರಿಯವರು ಬಂದಿದ್ದರು. ವರ್ಷಗಟ್ಟಲೆ ಮುಚ್ಚಿಟ್ಟಿದ್ದ ಮೆಷಿನ್ನಿನ ಸಂದುಗಳಿಗೆಲ್ಲ ಎಣ್ಣೆ ಬಿಟ್ಟು ಚಕ್ರ ತಿರುಗಿಸಿದರು. ಆ ಎಣ್ಣೆಯ ವಾಸನೆ ಅಡುಗೆಮನೆಯವರೆಗೂ ಬಂತು. ಚಪಾತಿ ಲಟ್ಟಿಸುತ್ತಿದ್ದ ನನ್ನ ಕೈ ನಿಂತಿತು. ಭದ್ರಾವತಿ, ಭಾನುವಾರದ ಬೆಳಿಗ್ಗೆ, ಟೀಚರಮ್ಮನ ಮನೆಯ ಮುಂದಿನ ಕೋಣೆ…

ಅವರು ಶಾಲೆಯ ಟೀಚರ್ ಆಗಿರಲಿಲ್ಲ. ನಮ್ಮ ಪಕ್ಕದ ಮನೆಯವರು. ರವಿಕೆ, ಲಂಗ ಹೊಲಿಯುತ್ತಿದ್ದರು. ಭಾನುವಾರ ಚರ್ಚಿನ ಆರಾಧನೆಗೆ ಮುಂಚೆ ನಮ್ಮ ಸಭೆಯ ಮಕ್ಕಳನ್ನೆಲ್ಲ ಮೆಷಿನ್ನಿನ ಸುತ್ತ ಚಾಪೆ ಹಾಸಿ ಕೂರಿಸಿಕೊಂಡು ಸಂಡೆ ಸ್ಕೂಲ್ ನಡೆಸುತ್ತಿದ್ದರು. ಅದಕ್ಕೇ ಊರಿಗೆಲ್ಲ ಟೀಚರಮ್ಮ. ಮನೆಮಾತು ತಮಿಳು. ನಮಗೆ ಹಾಡು ಕಲಿಸುತ್ತಿದ್ದುದು ಕನ್ನಡದಲ್ಲಿ, ಬೈಯುವಾಗ ಮಾತ್ರ ತಮಿಳು ಬರುತ್ತಿತ್ತು. ಗಂಡ ಗುತ್ತಿಗೆ ಕೆಲಸದವರು. ಒಬ್ಬಳೇ ಮಗಳು, ಹೈಸ್ಕೂಲಿನಲ್ಲಿ ನನ್ನ ಜೊತೆಯವಳು.

ನಮ್ಮಪ್ಪ ಸಭೆಯ ಕಮಿಟಿಯ ಕಾರ್ಯದರ್ಶಿ. ಮದುವೆ ಮಾತುಕತೆ, ಜಾಗದ ತಕರಾರು, ಅಣ್ಣತಮ್ಮಂದಿರ ಜಗಳ, ಯಾರಿಗೆ ಏನು ತೊಡಕು ಬಂದರೂ ಅಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಅಪ್ಪ ಪೂರ್ತಿ ಕೇಳಿಸಿಕೊಂಡು, ಸ್ವಲ್ಪ ಹೊತ್ತು ಯೋಚಿಸಿ, ಒಂದೇ ಮಾತು ಹೇಳುತ್ತಿದ್ದರು. ಸಾಮಾನ್ಯವಾಗಿ ಅದೇ ಸರಿಯಾಗಿರುತ್ತಿತ್ತು.

ಒಂದು ಸಂಜೆ ಟೀಚರಮ್ಮ ಗಂಡನ ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದಾಗ ಆಟೊ ಡಿಕ್ಕಿ ಹೊಡೆಯಿತು. ಗಂಡ ರಸ್ತೆಯಲ್ಲೇ ತೀರಿಕೊಂಡರು. ಇವರ ಕೈ ಮುರಿಯಿತು. ಆಟೊ ಓಡಿಸುತ್ತಿದ್ದವನು ಆಗತಾನೇ ಮದುವೆಯಾಗಿದ್ದ ಹುಡುಗ. ಟೀಚರಮ್ಮ ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಅವರ ಮೈದುನ ದೂರು ಕೊಟ್ಟರು, ಆಟೊ ಅತಿವೇಗವಾಗಿ ಬಂತು ಎಂದು. ಎಲ್ಲರೂ ಅದನ್ನೇ ನಂಬಿದೆವು.

ಕೇಸು ಸಾಕ್ಷಿಯ ಹಂತಕ್ಕೆ ಬಂದಾಗ ಟೀಚರಮ್ಮ ನಮ್ಮ ಮನೆಗೆ ಬಂದರು. ನಾನು ಬಾಗಿಲ ಪಕ್ಕ ಕೂತು ಹೋಂವರ್ಕ್ ಬರೆಯುತ್ತಿದ್ದೆ.

"ಅಣ್ಣ, ಆಟೊ ಜೋರಾಗಿ ಬರ್ಲಿಲ್ಲ," ಎಂದರು. "ರಸ್ತೆ ಆ ಕಡೆ ಜೋಳ ಸುಡ್ತಿದ್ರು. ಮಗಳಿಗೆ ತಗೊಳ್ಳೋಣ, ತಿರುಗಿಸಿ ಅಂದೆ. ಇವರು ಹಿಂದೆ ನೋಡ್ದೇ ತಿರುಗಿಸಿಬಿಟ್ರು. ಆ ಹುಡುಗ ಬ್ರೇಕ್ ಹಾಕಿದ. ಹೇಳಿದ್ದು ನಾನು ಅಣ್ಣ…"

ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ ಹೇಳಿದರು: "ಇದನ್ನ ಇಲ್ಲಿಗೇ ಬಿಡಿ ಟೀಚರಮ್ಮ. ನೀವು ಸುಳ್ಳು ಹೇಳೋದೂ ಬೇಡ. ನೆನಪಿಲ್ಲ ಅನ್ನಿ, ಸಾಕು. ಅಂಥಾ ಹೊತ್ನಲ್ಲಿ ಯಾರಿಗೆ ನೆನಪಿರುತ್ತೆ? ಉಳಿದಿದ್ದು ದೂರಿನಲ್ಲೇ ಇದೆ. ಪರಿಹಾರ ಬಂದ್ರೆ ಮಗಳು ನರ್ಸಿಂಗ್ ಓದ್ತಾಳೆ."

"ಸ್ವಲ್ಪ ಟೈಮ್ ಕೊಡಿ. ಕೇಳಿ ಹೇಳ್ತೀನಿ."

"ಯಾರನ್ನ? ವಕೀಲರನ್ನಾ?"

"ಅಲ್ಲ ಅಣ್ಣ. ದೇವರನ್ನ."

ಅಪ್ಪನಿಗೆ ಸ್ವಲ್ಪ ಇರುಸುಮುರುಸಾಯಿತು. "ದೇವರು ನಮಗೆ ಬುದ್ಧಿ ಕೊಟ್ಟಿರೋದು ಯಾಕೆ, ಉಪಯೋಗಿಸೋಕಲ್ವಾ?"

"ಹೌದು. ಆದ್ರೆ ನನ್ನ ಬುದ್ಧಿ ಈಗ ನನಗೆ ಬೇಕಾದ್ದನ್ನೇ ಹೇಳ್ತಿದೆ. ಅದಕ್ಕೇ ಭಯ ಆಗ್ತಿದೆ."

ಆ ದಿನಗಳಲ್ಲಿ ಪಕ್ಕದ ಮನೆಯಿಂದ ಮೆಷಿನ್ನಿನ ಸದ್ದು ಕೇಳುತ್ತಿರಲಿಲ್ಲ. ಹೊಲಿಗೆಗೆ ಬಂದವರನ್ನು ಆಮೇಲೆ ಬನ್ನಿ ಎಂದು ಕಳಿಸಿ, ಒಳಗಿನ ಕೋಣೆಯಲ್ಲಿ ಮೊಣಕಾಲೂರಿ ಕೂತಿರುತ್ತಿದ್ದರು. ಪಾಸ್ಟರ್ ಕೂಡ ಬಂದು, ಮಗಳ ಮುಂದಿನ ಬದುಕು ನೋಡಮ್ಮ ಎಂದು ಹೇಳಿ ಹೋದರು. ಅವರೂ ಒಳ್ಳೆಯದಕ್ಕೇ ಹೇಳಿದ್ದು.

ಕೋರ್ಟಿಗೆ ಅಪ್ಪನೇ ಜೊತೆಗೆ ಹೋಗಿದ್ದರು. ವಾಪಸ್ ಬಂದವರು ಚಪ್ಪಲಿ ಬಿಡುತ್ತಲೇ ಅಮ್ಮನಿಗೆ ಹೇಳಿದರು, "ಹೇಳಿಬಿಟ್ರು." ತಿರುಗಿಸಿ ಅಂದಿದ್ದು ನಾನು, ಈ ಹುಡುಗನ ತಪ್ಪಿಲ್ಲ ಎಂದರಂತೆ. ಹುಡುಗ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತನಂತೆ. ನಮ್ಮ ಸಭೆಯಲ್ಲಿ ದೇವರು ಮಾಡಿದ ಉಪಕಾರವನ್ನು ಎದ್ದು ನಿಂತು ಹೇಳುವುದಕ್ಕೂ ಸಾಕ್ಷಿ ಎಂದೇ ಹೆಸರು. ಟೀಚರಮ್ಮ ಒಮ್ಮೆಯೂ ಹಾಗೆ ಎದ್ದವರಲ್ಲ. ಅವರು ಹೇಳಿದ ಸಾಕ್ಷಿ ಅದೊಂದೇ.

ಹುಡುಗ ಬಿಡುಗಡೆಯಾದ. ಪರಿಹಾರದ ಅರ್ಜಿ ಬಿದ್ದುಹೋಯಿತು. ಮೈದುನ ಬಾಗಿಲಿಗೆ ಬರುವುದು ನಿಲ್ಲಿಸಿದರು. ಗಂಡನ ಸಾವಿಗೆ ತಾನೇ ಕಾರಣ ಎಂದು ಒಪ್ಪಿಕೊಂಡವಳ ಹತ್ತಿರ ಪಾಠಕ್ಕೆ ಯಾಕೆ ಎಂದು ಕೆಲವರು ಮಕ್ಕಳನ್ನು ಕಳಿಸಲಿಲ್ಲ. ಮಗಳಂತೂ ಅಮ್ಮನ ಜೊತೆ ಮಾತು ಬಿಟ್ಟಳು. ಏನಾದರೂ ಬೇಕಾದರೆ ನನ್ನ ಮೂಲಕ ಹೇಳಿಸುತ್ತಿದ್ದಳು. ಆ ಹುಡುಗ ಹೆಂಡತಿಯನ್ನು ಕರೆದುಕೊಂಡು ಒಂದು ದಿನ ಬಂದಿದ್ದ. ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದವರನ್ನು ಟೀಚರಮ್ಮ ಕೂರಿಸಿ ಕಾಫಿ ಕೊಟ್ಟರು. "ನಿಧಾನ ಓಡ್ಸಪ್ಪ," ಎಂದಷ್ಟೇ ಹೇಳಿ ಕಳಿಸಿದರು.

ಆಮೇಲೆ ತಾಯಿ ಮಗಳು ಶಿವಮೊಗ್ಗಕ್ಕೆ ಹೋದರು. ದುರ್ಗಿಗುಡಿಯಲ್ಲಿ ಒಂದು ಬಾಡಿಗೆ ಮನೆ. ಟೀಚರಮ್ಮ ಅಂಗಡಿಯೊಂದಕ್ಕೆ ಹೊಲಿದುಕೊಡುತ್ತಿದ್ದರು. ಮಗಳು ನರ್ಸಿಂಗ್ ಓದಲಿಲ್ಲ, ಬಟ್ಟೆ ಅಂಗಡಿಗೆ ಸೇರಿದಳು. ದೇವರು ಯಾವುದೋ ದಾರಿಯಲ್ಲಿ ಎಲ್ಲವನ್ನೂ ತುಂಬಿಕೊಟ್ಟ ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ.

ನಾನು ಮದುವೆಯಾಗಿ ಶಿವಮೊಗ್ಗಕ್ಕೆ ಬಂದ ಮೇಲೆ ಅವರ ಮನೆಗೆ ಹೋಗುತ್ತಿದ್ದೆ. ಆಗ ಎರಡು ಸಾವಿರದ ಇಸವಿ ದಾಟಿತ್ತು. ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಒಂದು ಮಧ್ಯಾಹ್ನ ಗುಂಡಿ ಹಚ್ಚುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ, "ಅವತ್ತು ಹಾಗೆ ಹೇಳಿದ್ದಕ್ಕೆ ಯಾವಾಗಾದ್ರೂ ಬೇಜಾರಾಗಿದ್ಯಾ?"

"ಆಗಿದೆ," ಎಂದರು ಥಟ್ಟನೆ. "ಇವಳು ಅಂಗಡಿಯಿಂದ ಕಾಲು ನೋವು ಅಂತ ಬಂದು ಕೂತಾಗೆಲ್ಲ ಆಗುತ್ತೆ." ದಾರ ಕಡಿದು ಮುಂದುವರಿಸಿದರು. "ದೇವರು ಆ ಹುಡುಗನಿಗೋಸ್ಕರ ನನ್ನ ಹತ್ರ ಸತ್ಯ ಕೇಳ್ತಿದಾನೆ ಅಂದ್ಕೊಂಡಿದ್ದೆ. ನನಗೋಸ್ಕರಾನೂ ಕೇಳಿದ್ದು ಅಂತ ಆಮೇಲೆ ಗೊತ್ತಾಯ್ತು. ತಿರುಗಿಸಿ ಅಂದಿದ್ದನ್ನ ಒಳಗೇ ಇಟ್ಕೊಂಡಿದ್ರೆ ನನಗೆ ಹುಚ್ಚೇ ಹಿಡೀತಿತ್ತು ಮಾರಾಯ್ತಿ. ಅದು ನಿಮ್ಮಪ್ಪಂಗೆ ಗೊತ್ತಿರ್ಲಿಲ್ಲ. ನನಗೂ ಗೊತ್ತಿರ್ಲಿಲ್ಲ. ದೇವರಿಗೆ ಗೊತ್ತಿತ್ತು."

ಟೀಚರಮ್ಮ ತೀರಿಕೊಂಡು ಕೆಲವು ವರ್ಷಗಳಾದವು. ಕೊನೆಯ ದಿನಗಳಲ್ಲಿ ನೋಡಿಕೊಂಡಿದ್ದು ಮಗಳೇ. ಮಾತು ಯಾವಾಗ ಶುರುವಾಯಿತೋ, ನಾನು ಕೇಳಲಿಲ್ಲ. ಆದರೂ ಕೋರ್ಟಿನ ವಿಷಯ ಬಂದರೆ ಅವಳು ಇವತ್ತಿಗೂ ಮುಖ ತಿರುಗಿಸುತ್ತಾಳೆ.

ಅಪ್ಪ ಈಗ ನಮ್ಮ ಜೊತೆಗಿದ್ದಾರೆ. ಹೃದಯದ ಆಪರೇಷನ್ ಮಾಡಿಸಬಹುದು, ಈ ವಯಸ್ಸಿಗೆ ಬಿಡಲೂಬಹುದು, ನೀವೇ ಯೋಚಿಸಿ ಎಂದಿದ್ದಾರೆ ಡಾಕ್ಟರ್. ತಮ್ಮ ಒಂದು ಹೇಳುತ್ತಾನೆ, ತಂಗಿ ಇನ್ನೊಂದು. ಊರಿಗೆಲ್ಲ ದಾರಿ ಹೇಳುತ್ತಿದ್ದ ಅಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಾರೆ. ಮೊನ್ನೆ ಸಂಜೆ ಕಿಟಕಿ ಪಕ್ಕ ಕೂತಿದ್ದವರು ಇದ್ದಕ್ಕಿದ್ದಂತೆ, "ಟೀಚರಮ್ಮ ಇದ್ದಿದ್ರೆ ಕೇಳಬಹುದಿತ್ತು," ಎಂದರು.

"ಆಪರೇಷನ್ ಮಾಡಿಸ್ಬೇಕೋ ಬೇಡ್ವೋ ಅಂತಾನಾ?"

"ಅಲ್ಲಮ್ಮ," ಎಂದರು. "ದೇವರನ್ನ ಕೇಳೋದು ಹೇಗೆ ಅಂತ."

ಅದನ್ನು ಹೇಳಿಕೊಡುವವರು ಈಗ ಇಲ್ಲ. ನಾನು ಹೋಗಿ ಅಪ್ಪನ ಪಕ್ಕದಲ್ಲಿ ಕೂತೆ. ದೇವರಿಗೆ ಏನು ಹೇಳಬೇಕೋ ಇಬ್ಬರಿಗೂ ತೋಚದೆ, ಸುಮ್ಮನೆ ಕಣ್ಣು ಮುಚ್ಚಿದೆವು…