ಸುಮಿತ್ರಕ್ಕನ ಸರೇಸು

ಸುಮಿತ್ರಕ್ಕ ಮೇಕೆಯ ನರವನ್ನು ಬಾಯಲ್ಲಿಟ್ಟುಕೊಂಡು ಅಗಿಯುತ್ತಿದ್ದರು. ಎಲೆಯಡಿಕೆ ಹಾಕಿಕೊಂಡವರ ಹಾಗೆ ಒಂದು ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಅರೆಮುಚ್ಚಿ, ನಿಧಾನವಾಗಿ. ಮೇಕೆಯ ಹಿಂಗಾಲಿನ ಹಿಮ್ಮಡಿಯ ಮೇಲೆ ಬಿಳಿಯ ಗಟ್ಟಿ ನರವೊಂದು ಇರುತ್ತದಲ್ಲ, ಅದನ್ನು ಒಣಗಿಸಿ, ಕಲ್ಲಿನಿಂದ ಜಜ್ಜಿ, ಎಳೆ ಎಳೆಯಾಗಿ ಬಿಡಿಸಿ ಇಟ್ಟುಕೊಂಡಿರುತ್ತಿದ್ದರು. ಅಗಿದು ಮೆತ್ತಗಾದ ಮೇಲೆ ಜೊಲ್ಲಿನ ಸಮೇತ ಬಾಯಿಂದ ಎಳೆದು ಬಾಣದ ತುದಿಗೆ ಸುತ್ತುತ್ತಿದ್ದರು. ಮೊದಲ ಸಲ ಅದನ್ನು ನೋಡಿದಾಗ ನಾನು ಬಚ್ಚಲಿಗೆ ಓಡಿದೆ. ಮೊಟ್ಟೆಯನ್ನೂ ಹೊಸ್ತಿಲೊಳಗೆ ಸೇರಿಸದ ಗೋಕಾಕದ ಮನೆತನದವರು ಇವರು ಎಂದು ಆಮೇಲೆ ಗೊತ್ತಾಯಿತು. ಗೊತ್ತಾದ ಮೇಲೆ ಹೇಸಿಗೆ ಇನ್ನಷ್ಟು ಹೆಚ್ಚಿತು.

ಇದು ತೊಂಬತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಚಿತ್ರಕಲೆ ಕಲಿತು ನಾನು ಪುಣೆಯ ಒಂದು ಸಣ್ಣ ಖಾಸಗಿ ಪುರಾತತ್ವ ಸಂಶೋಧನಾ ಸಂಸ್ಥೆಗೆ ಸೇರಿದ್ದೆ. ಈಗ ಆ ಸಂಸ್ಥೆ ಇಲ್ಲ. ಅಗೆತದಲ್ಲಿ ಸಿಕ್ಕ ಮಡಕೆ ಚೂರು, ಕಲ್ಲಿನ ಉಪಕರಣಗಳನ್ನು ಅಳತೆಗೆ ಸರಿಯಾಗಿ ಬಿಡಿಸುವುದು ನನ್ನ ಕೆಲಸ. ಸುಮಿತ್ರಕ್ಕ ಅಲ್ಲಿ ಸಂಶೋಧಕಿ, ನನಗಿಂತ ಬಹಳ ಹಿರಿಯರು, ಮದುವೆಯಾಗಿರಲಿಲ್ಲ. ಕೋಥ್ರೂಡ ಬಡಾವಣೆಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. "ಕನ್ನಡದ ಹುಡುಗಿ, ಎಲ್ಲೆರೆ ಹಾಸ್ಟೆಲ್ ಯಾಕ ಹುಡುಕ್ತೀ? ನಮ್ಮನಿಗೆ ಬಾ" ಎಂದು ಕರೆದರು. ಮನೆಯಲ್ಲಿ ಏನೇನು ನಡೆಯುತ್ತದೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಡೆಯುತ್ತಿದ್ದುದು ಇಷ್ಟು. ಲೋಹ ಕಾಣದ ಕಾಲದ ಜನ ಚಕಮಕಿ ಕಲ್ಲು ಒಡೆದು, ಅದರ ಮೊನೆಯನ್ನು ಮರದ ಕಡ್ಡಿಗೆ ಹೇಗೆ ಕೂರಿಸುತ್ತಿದ್ದರು ಎಂಬುದನ್ನು ಅವರು ಮಾಡಿ ನೋಡುತ್ತಿದ್ದರು. ಕಡ್ಡಿಯ ತುದಿ ಸೀಳಬೇಕು. ರಾಳ, ಜೇನುಮೇಣ, ಇದ್ದಿಲ ಪುಡಿ ಸೇರಿಸಿ ಕಾಯಿಸಿದ ಕಪ್ಪು ಅಂಟನ್ನು ಆ ಸೀಳಿಗೆ ತುಂಬಿ ಕಲ್ಲು ಕೂರಿಸಬೇಕು. ಮೇಲಿಂದ ಸರೇಸಿನಲ್ಲಿ, ಅಂದರೆ ತೊಗಲು ಬೇಯಿಸಿ ಇಳಿಸಿದ ಅಂಟಿನಲ್ಲಿ, ಅದ್ದಿದ ಒದ್ದೆ ನರ ಸುತ್ತಬೇಕು. ನರ ಒಣಗುತ್ತ ಬಿಗಿಯುತ್ತದೆ, ಕಲ್ಲು ಅಲುಗದಂತೆ ಕಚ್ಚಿಕೊಳ್ಳುತ್ತದೆ. ಕೇಳಲು ಚೆಂದ. ಆದರೆ ಸರೇಸು ಎಲ್ಲಿಂದ ಬರಬೇಕು? ಪುಣೆಯ ಕ್ಯಾಂಪ್ ಪೇಟೆಯ ಕಸಾಯಿ ಅಂಗಡಿಯಿಂದ ಸ್ಟೀಲ್ ಡಬ್ಬಿಯಲ್ಲಿ ತೊಗಲಿನ ತುಣುಕು, ಗೊರಸು ತಂದು, ಮನೆಯ ಬಾಲ್ಕನಿಯಲ್ಲಿ ಸೀಮೆಎಣ್ಣೆ ಸ್ಟೋವಿನ ಮೇಲೆ ಇಡೀ ದಿನ ಸಣ್ಣ ಉರಿಯಲ್ಲಿ ಇಡುತ್ತಿದ್ದರು. ಒದ್ದೆ ನಾಯಿ, ಸುಟ್ಟ ಕೂದಲು, ಹಳಸಿದ ಅನ್ನ, ಈ ಮೂರನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದರೆ ಬರುವಂಥ ವಾಸನೆ ಅದು. ಹೊದಿಕೆಗೆ, ತಲೆಕೂದಲಿಗೆ, ಹೆಪ್ಪು ಹಾಕಿದ ಮೊಸರಿಗೆ ಕೂಡ ಅಂಟಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಎದ್ದು ಬೇರೆ ಸೀಟಿಗೆ ಹೋಗುತ್ತಿದ್ದರು.

"ಮೂಗು ಮುಚ್ಚಬ್ಯಾಡ, ಮೂಗಿಗೆ ಕೆಲಸಾ ಕೊಡು" ಎನ್ನುತ್ತಿದ್ದರು. ಸರೇಸು ಹದಕ್ಕೆ ಬಂತೋ ಇಲ್ಲವೋ ಎಂದು ಅವರು ನೋಡುತ್ತಿದ್ದುದೇ ಮೂಗಿನಿಂದ. ಹತ್ತಿ ಸೀರೆಯ ಮೇಲೆ ಗಂಡಸರ ಖಾಕಿ ಅಂಗಿ ತೊಟ್ಟು, ರಾಳ ಹತ್ತಿ ಕಪ್ಪಾದ ಬೆರಳಿನಿಂದ ಪಾತ್ರೆಯ ತಳ ಕೆದಕಿ, ಮೂಗಿನ ಹತ್ತಿರ ತಂದು, "ಇನ್ನಾ ಆಗಿಲ್ಲ" ಎನ್ನುವರು. ಅದೇ ಬೆರಳಿನಿಂದ ನನಗೆ ಬೆಲ್ಲ ಕೊಡಲು ಬರುವರು.

ಒಂದು ದಿನ ನನ್ನ ನೀರಿನ ಲೋಟದಲ್ಲಿ ನರ ನೆನೆಹಾಕಿದ್ದರು. ನೋಡದೆ ಎತ್ತಿ ಬಾಯಿಗಿಟ್ಟೆ. ತುಟಿಗೆ ಏನೋ ಹುಳದಂಥದು ತಾಗಿತು. ಲೋಟ ಎಸೆದು, ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿ, ನಾಳೆಯೇ ಮನೆ ಬಿಡುತ್ತೇನೆಂದು ಚೀರಾಡಿದೆ. ಅವರು ನೆಲ ಒರೆಸಿದರು. ಲೋಟವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದರು. ಆಮೇಲೆ ನನ್ನ ಮುಂದೆ ಬಂದು ಕೂತರು.

"ನನಗೂ ಮೊದಲ ಹಿಂಗ ಆಗ್ತಿತ್ತವ್ವಾ. ವಾಂತಿ ಮಾಡ್ಕೋತನ ಕಲತೆ."

"ಯಾಕ ಕಲೀಬೇಕ್ರಿ ಅಕ್ಕಾರ? ಏನ ಬಂದದ ನಿಮಗ?"

"ಕಲ್ಲಷ್ಟ ಉಳದದ. ಕಡ್ಡಿ, ನಾರು, ನರ, ಅಂಟು ಎಲ್ಲಾ ಕೊಳತು ಹೋಗ್ಯಾವ. ಉಳದ ಕಲ್ಲು ನೋಡಿ, ಕಲ್ಲಿನಂಥಾ ಮಂದಿ ಇದ್ರು ಅಂತ ಬರಕೊಂಡು ಕುಂತೀವಿ. ಆ ಕೊಳತದ್ದರಾಗ ಅವರ ಬುದ್ಧಿ ಎಷ್ಟಿತ್ತು, ಯಾರಿಗೆ ಗೊತ್ತದ? ನನಗ ಅದು ಬೇಕಾಗೇದ."

ನಾನು ಮನೆ ಬಿಡಲಿಲ್ಲ. ಹೇಸಿಗೆಯೂ ನನ್ನನ್ನು ಬಿಡಲಿಲ್ಲ. ಬೇರೆ ಲೋಟ ಕೊಂಡು ಅದನ್ನು ಟ್ರಂಕಿನಲ್ಲಿ ಬೀಗ ಹಾಕಿ ಇಡತೊಡಗಿದೆ. ಅವರು ನೋಡಿ ನಕ್ಕರು. ಅವರ ನಗೆ ದೊಡ್ಡದು, ಕೆಳಗಿನ ಮನೆಯವರೆಗೂ ಕೇಳುತ್ತಿತ್ತು.

ಕೆಳಗಿನ ಮನೆಯವರಿಗೆ ವಾಸನೆಯೂ ಮುಟ್ಟುತ್ತಿತ್ತು. ಸೊಸೈಟಿಯ ಚೇರ್ಮನ್ನರು ಒಂದು ಭಾನುವಾರ ಮೂಗಿಗೆ ಕರವಸ್ತ್ರ ಹಿಡಿದು ಬಂದರು. "ಬಾಯಿ, ಹೇ ಕಾಯ್ ಚಾಲಲಂಯ್? ಏನಮ್ಮಾ, ಇದೇನು ನಡೆಸಿದ್ದೀರಿ? ಇದು ಸಭ್ಯರು ಇರೋ ಬಿಲ್ಡಿಂಗು" ಎಂದು ಬಾಗಿಲಲ್ಲೇ ಶುರು ಮಾಡಿದರು. ಅವರೇ ದಿನವೂ ಸಂಜೆ ಮಗಳ ವಯಸ್ಸಿನ ಕೆಲಸದವಳನ್ನು ಮೆಟ್ಟಿಲ ಮೇಲೆ ತಡೆದು ನಿಲ್ಲಿಸಿಕೊಳ್ಳುತ್ತಿದ್ದುದನ್ನು ಇಡೀ ಬಿಲ್ಡಿಂಗು ಕಂಡಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಸುಮಿತ್ರಕ್ಕ ಮರಾಠಿಯಲ್ಲಿ ಮೆತ್ತಗೆ ಹೇಳಿದರು: "ನನ್ನ ಪಾತ್ರೆಗೆ ಮುಚ್ಚಳ ಹಾಕ್ತೀನಿ, ದಾದಾ. ನೀವು ಮೆಟ್ಟಿಲ ಮೇಲೆ ನಿಲ್ಲೋದು ಬಿಡ್ರಿ." ಚೇರ್ಮನ್ನರ ಕರವಸ್ತ್ರ ಮೂಗಿನಿಂದ ಇಳಿಯಿತು. ಮತ್ತೆ ಅವರು ನಮ್ಮ ಮಹಡಿಗೆ ಹತ್ತಲಿಲ್ಲ, ಮೆಟ್ಟಿಲ ಮೇಲೆಯೂ ಕಾಣಲಿಲ್ಲ. ಸುಮಿತ್ರಕ್ಕ ಮಾತಿಗೆ ತಪ್ಪದೆ ಪಾತ್ರೆಗೆ ಮುಚ್ಚಳ ಹಾಕಿದರು. ವಾಸನೆಯೇನೂ ಕಡಿಮೆಯಾಗಲಿಲ್ಲ.

ಆಮೇಲೆ ಬಿಲ್ಡರ್ ಬಂದ. ಪುಣೆಯ ಹತ್ತಿರದ ಶಿರೂರಿನ ಕಡೆ ತೋಟದ ಮನೆ ಕಟ್ಟಿಸಿ, ಅದರೊಳಗೆ ಸ್ವಂತ ಮ್ಯೂಸಿಯಂ ಮಾಡುವ ಹುಚ್ಚು ಆತನಿಗೆ. ನಮ್ಮ ನಿರ್ದೇಶಕರೇ ಅವನನ್ನು ಸುಮಿತ್ರಕ್ಕನ ಮೇಜಿನ ಹತ್ತಿರ ಕರೆತಂದರು. ಮಕ್ಕಳು ನೋಡಲಿ, ಕೆಲವು ಬಾಣ ಕೊಡಿ ಎಂದರು. ಅಕ್ಕ ಬಹಳ ಸಂತೋಷಪಟ್ಟರು. ಒಳ್ಳೆಯವನ್ನೇ ಆರಿಸಿ, ಹತ್ತಿಯಲ್ಲಿ ಸುತ್ತಿ ಕೊಟ್ಟರು. "ಇವು ಈಗ ಮಾಡಿದವು ಅಂತ ಬೋರ್ಡಿನ ಮ್ಯಾಲೆ ಬರೀರಿ" ಎಂದು ಇಬ್ಬರಿಗೂ ಹೇಳಿದರು. ಇಬ್ಬರೂ ತಲೆಯಾಡಿಸಿದರು.

ಮ್ಯೂಸಿಯಂ ಉದ್ಘಾಟನೆಗೆ ಅಕ್ಕನನ್ನು ಕರೆಯಲಿಲ್ಲ. ಆ ದಿನ ಬೆಳಿಗ್ಗೆಯೇ ಮರಾಠಿ ಪೇಪರಿನಲ್ಲಿ ಓದಿದೆವು: ಬಿಲ್ಡರನ ಹೊಲದಲ್ಲಿ ಹತ್ತು ಸಾವಿರ ವರ್ಷ ಹಳೆಯ ಬಾಣಗಳು ಸಿಕ್ಕಿವೆ, ನಮ್ಮ ನಿರ್ದೇಶಕರೇ ಪರೀಕ್ಷಿಸಿ ದೃಢಪಡಿಸಿದ್ದಾರೆ. ಪಕ್ಕದಲ್ಲಿ ಫೋಟೋ. ನಾನು ಆ ಬಾಣಗಳನ್ನು ಅಳೆದು ಚಿತ್ರ ಬಿಡಿಸಿದವಳು, ಗುರುತು ತಪ್ಪುವುದಿಲ್ಲ. ಅಕ್ಕ ಖಾಕಿ ಅಂಗಿ ಕಳಚಿಟ್ಟು ಚಪ್ಪಲಿ ಮೆಟ್ಟಿದರು. ಇಬ್ಬರೂ ಎಸ್.ಟಿ. ಬಸ್ಸು ಹಿಡಿದು ಶಿರೂರಿಗೆ ಹೋದೆವು.

ಹೊಸ ಸುಣ್ಣದ ಹಾಲ್, ಕೆಂಪು ಮಖಮಲ್ಲು, ಶಾಲು, ತೆಂಗಿನಕಾಯಿ. ನಿರ್ದೇಶಕರು ಮೈಕಿನ ಮುಂದೆ ನಿಂತು ನಮ್ಮ ಪೂರ್ವಜರ ಮಹಿಮೆ ಹೇಳುತ್ತಿದ್ದರು. ಗಾಜಿನ ಪೆಟ್ಟಿಗೆಗೆ ಇನ್ನೂ ಬೀಗ ಹಾಕಿರಲಿಲ್ಲ. ಅಕ್ಕ ನೇರ ಹೋಗಿ ಒಂದು ಬಾಣ ಎತ್ತಿಕೊಂಡರು. ಹಿಂದೆ ಚಹಾ ಮಾಡುವವನ ಹತ್ತಿರ ಸ್ಟೀಲ್ ಜಗ್ಗಿನಲ್ಲಿ ಬಿಸಿನೀರು ಕೇಳಿ ತಂದು, ವೇದಿಕೆಯ ಮೇಜಿನ ಮೇಲೆ ಇಟ್ಟು, ಬಾಣದ ಮೊನೆಯನ್ನು ಅದರಲ್ಲಿ ಮುಳುಗಿಸಿ ಹಿಡಿದು ನಿಂತರು. ಯಾರಿಗೂ ಏನೂ ತಿಳಿಯಲಿಲ್ಲ. ನಿರ್ದೇಶಕರಿಗೆ ತಿಳಿಯಿತು. ಅವರ ಭಾಷಣ ತೊದಲತೊಡಗಿತು.

ಮೊದಲು ವಾಸನೆ ಎದ್ದಿತು. ಮುಂದಿನ ಸಾಲಿನ ಹೆಂಗಸರು ಸೆರಗು ಹಿಡಿದರು. ನರ ಉಬ್ಬಿ, ಬೆಂದ ಶಾವಿಗೆಯ ಹಾಗೆ ಬಿಚ್ಚಿಕೊಂಡು ನೀರಿನಲ್ಲಿ ತೇಲಿತು. ಕಪ್ಪು ಅಂಟು ಸಡಿಲಿತು. ಕೊನೆಗೆ ಕಲ್ಲು ಕಳಚಿ ಜಗ್ಗಿನ ತಳಕ್ಕೆ ಠಣ್ಣೆಂದು ಬಿತ್ತು. ಬಿಲ್ಡರ್ ಮೂಗು ಹಿಡಿದುಕೊಂಡ.

"ವಾಸನೆ ಬಂತಲ್ಲ?" ಎಂದು ಅಕ್ಕ ಮರಾಠಿಯಲ್ಲಿ ಅವನನ್ನು ಕೇಳಿದರು. "ಇದು ಹತ್ತು ಸಾವಿರ ವರ್ಷದ್ದಲ್ಲ, ಹೋದ ದೀಪಾವಳಿದು. ಕ್ಯಾಂಪಿನ ಮೇಕೆದು. ಕಟ್ಟಿದಾಕಿ ನಾನು."

ಗದ್ದಲವಾಗುತ್ತದೆ, ಯಾರಾದರೂ ಎದ್ದು ಪ್ರಶ್ನೆ ಕೇಳುತ್ತಾರೆ ಎಂದು ನಾನು ಕಾದೆ. ನಿರ್ದೇಶಕರು ಮೈಕಿನಲ್ಲಿ, "ನಮ್ಮ ಸುಮಿತ್ರಾಬಾಯಿಯವರ ಆರೋಗ್ಯ ಇತ್ತೀಚೆಗೆ ಸರಿ ಇಲ್ಲ, ದಯವಿಟ್ಟು ಎಲ್ಲರೂ ಊಟಕ್ಕೆ ಏಳಿ" ಎಂದರು. ಎಲ್ಲರೂ ಎದ್ದರು. ಅಷ್ಟೇ. ಪೂರಿ, ಶ್ರೀಖಂಡ. ಈಗಷ್ಟೇ ಮೂಗು ಮುಚ್ಚಿಕೊಂಡವರು ಸಾಲಾಗಿ ಕೂತು ಸೊರಸೊರ ತಿಂದರು. ನಿರ್ದೇಶಕರು ಬೆರಳು ನೆಕ್ಕುತ್ತಲೇ ನನ್ನ ಬಳಿ ಬಂದು, "ನೀನು ಸಣ್ಣವಳು, ಇದರಲ್ಲಿ ಬೀಳಬೇಡ. ಜನಕ್ಕೆ ನೋಡೋಕೆ ಏನಾದರೂ ಬೇಕು, ನಿಜ ತಗೊಂಡು ಏನು ಮಾಡ್ತಾರೆ?" ಎಂದರು. ಅವರ ಗಲ್ಲದ ಮೇಲೆ ಶ್ರೀಖಂಡ ಹತ್ತಿತ್ತು. ಸರೇಸಿನ ವಾಸನೆಗೆ ಹೊಟ್ಟೆ ತೊಳಸುವುದು ನನಗೆ ರೂಢಿಯಾಗಿತ್ತು. ಆ ಗಲ್ಲವನ್ನು ನೋಡಿ ಆದದ್ದು ಬೇರೆ. ಅದು ಹೊಟ್ಟೆಯಲ್ಲಿ ಅಲ್ಲ, ಇನ್ನೂ ಒಳಗೆಲ್ಲೋ ಆಯಿತು, ಕಕ್ಕಿದರೂ ಹೋಗುವಂಥದ್ದಾಗಿರಲಿಲ್ಲ.

ಮರುವಾರ ಸಂಸ್ಥೆಯಲ್ಲಿ ಸುಮಿತ್ರಕ್ಕನ ಕೋಣೆಯಲ್ಲಿದ್ದ ಸಾಮಾನೆಲ್ಲ ವರಾಂಡಕ್ಕೆ ಬಂತು. ವಾಸನೆಯ ದೂರು ಇದೆ ಎಂದು ಕಾರಣ ಕೊಟ್ಟರು. ಅಕ್ಕ ರಾಜೀನಾಮೆ ಕೊಟ್ಟು ದೌಂಡಕ್ಕೆ, ರೈಲ್ವೆಯಲ್ಲಿದ್ದ ತಮ್ಮನ ಮನೆಗೆ ಹೋದರು. ನಾನೂ ಆ ಸಂಸ್ಥೆ ಬಿಟ್ಟು ಶಾಲೆಯೊಂದರಲ್ಲಿ ಚಿತ್ರ ಕಲಿಸಲು ಸೇರಿದೆ.

ಅವರನ್ನು ಕೊನೆಯ ಸಲ ನೋಡಿದ್ದು ಹಲವು ವರ್ಷಗಳ ಮೇಲೆ, ದೌಂಡದಲ್ಲಿ. ಜೀವಮಾನವಿಡೀ ಕಲ್ಲು ಒಡೆದ ಧೂಳು ಎದೆಯೊಳಗೆ ಕೂತು ಉಸಿರು ಕಿತ್ತುಕೊಂಡಿತ್ತು. ಅಂಗಳದ ಬೇವಿನ ಕೆಳಗೆ ಕುರ್ಚಿ ಹಾಕಿಕೊಂಡು, ಎರಡು ಮಾತಿಗೊಮ್ಮೆ ನಿಲ್ಲುತ್ತಿದ್ದರು. ಬೆರಳುಗಳು ಸ್ವಚ್ಛವಾಗಿದ್ದವು, ನೋಡಲು ಯಾರದೋ ಬೆರಳಿನಂತೆ. ನಾನು ಹೇಳಬಾರದಿತ್ತೇನೋ, ಆದರೂ ಹೇಳಿದೆ: ಶಾಲೆಯ ಮಕ್ಕಳ ಪ್ರವಾಸದಲ್ಲಿ ಆ ಮ್ಯೂಸಿಯಮ್ಮಿಗೆ ಹೋಗಿದ್ದೆ, ಬೋರ್ಡು ಹಾಗೆಯೇ ಇದೆ, ಹತ್ತು ಸಾವಿರ ವರ್ಷ. ಕಳಚಿದ ಆ ಬಾಣವನ್ನು ನೈಲಾನ್ ದಾರದಿಂದ ಕಟ್ಟಿ, ಅಂಗಡಿ ಗೋಂದು ಮೆತ್ತಿ ಇಟ್ಟಿದ್ದಾರೆ.

"ನೋಡಿ ಹೇಸಿಗಿ ಬಂತ್ರಿ ಅಕ್ಕಾರ. ಅವತ್ತು ಊಟಾ ಸೇರಲಿಲ್ಲ."

ಅವರು ಬಹಳ ಹೊತ್ತು ಉಸಿರು ಕೂಡಿಸಿಕೊಂಡರು. "ನಿನಗ ಇನ್ನಾ ಬರ್ತದಲ್ಲ, ಛಲೋ ಆತು. ನನಗ ಬರೋದ ನಿಂತದ. ಮೊನ್ನೆ ಪೇಪರಿನ್ಯಾಗ ಆ ನಿರ್ದೇಶಕನ ಫೋಟೋ ನೋಡಿದೆ. ಏನೂ ಅನಿಸಲಿಲ್ಲ. ಅದಕ್ಕ ಹೆದರಿಕಿ ಆಗೇದ ನನಗ."

ಮಳೆಗಾಲಕ್ಕೆ ಮುಂಚೆ ಅವರ ತಮ್ಮ ಫೋನು ಮಾಡಿ ಸುದ್ದಿ ಹೇಳಿದರು. ಅದಾದ ಕೆಲವು ದಿನಕ್ಕೆ ನಿರ್ದೇಶಕರು ಪೇಪರಿನಲ್ಲಿ ಶ್ರದ್ಧಾಂಜಲಿ ಬರೆದರು. ಸುಮಿತ್ರಾಬಾಯಿ ತಮ್ಮ ಮಗಳ ಸಮಾನ, ತಮ್ಮ ಕೈ ಹಿಡಿದೇ ಬಾಣ ಕಟ್ಟಲು ಕಲಿತರು, ಸತ್ಯಕ್ಕಾಗಿ ಬದುಕಿದ ಜೀವ ಎಂದೆಲ್ಲ. ಅರ್ಧಕ್ಕೇ ನಿಲ್ಲಿಸಿದೆ. ಆ ಹಾಳೆಯನ್ನು ಮನೆಯೊಳಗೆ ಇಟ್ಟುಕೊಳ್ಳಲಾಗಲಿಲ್ಲ. ಎರಡು ಬೆರಳಲ್ಲಿ ತುದಿ ಹಿಡಿದು ಕೆಳಗಿಳಿದು, ರಸ್ತೆಯ ಕಸದ ತೊಟ್ಟಿಗೆ ಹಾಕಿ, ಮೇಲೆ ಬಂದು ಸಾಬೂನು ಹಚ್ಚಿ ಕೈ ತೊಳೆದುಕೊಂಡೆ.