ಯಜಮಾನರ ಹೆಸರು

ಹೈಸ್ಕೂಲು ಮುಗಿಯುವವರೆಗೆ ನಾನು ಆಟ ಆಡಿದ್ದೇ ನೆನಪಿಲ್ಲ. ನಾನು ಡಾಕ್ಟರಾಗಬೇಕು ಎಂದು ಮಾವ ತೀರ್ಮಾನ ಮಾಡಿಯಾಗಿತ್ತು, ನನ್ನನ್ನು ಯಾರು ಕೇಳಿದರು? ಶಾಲೆ ಬಿಟ್ಟ ಮೇಲೆ ಬೇರೆ ಹುಡುಗರು ಕಡಲ ಬದಿಗೆ ಓಡುತ್ತಿದ್ದರು. ನಾನು ಬೈಂದೂರಿನಿಂದ ಬಿಜೂರಿಗೆ ನಡೆದು ಬಂದು, ಗಂಜಿ ಉಂಡು, ಜಗಲಿಯಲ್ಲಿ ಕೂತು ಕಪ್ಪೆಯ ಹೊಟ್ಟೆಯೊಳಗೆ ಏನೇನಿದೆ ಎಂದು ಬಾಯಿಪಾಠ ಮಾಡುತ್ತಿದ್ದೆ. ಇವತ್ತಿಗೂ ಕಪ್ಪೆ ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಾವ ಎಂದರೆ ಅಮ್ಮನ ಅಣ್ಣ. ನಮ್ಮದು ಅಳಿಯಕಟ್ಟಿನ ಮನೆ. ಮನೆ, ಗದ್ದೆ ಎಲ್ಲ ಹೆಣ್ಣುಮಕ್ಕಳ ಕಡೆಯಿಂದ ಬರುವುದು, ಯಜಮಾನಿಕೆ ಅವರ ಅಣ್ಣನದು. ಅಪ್ಪಯ್ಯ ಗುಲ್ವಾಡಿಯಲ್ಲಿ ತನ್ನ ಅಕ್ಕನ ಗದ್ದೆ ಬೇಸಾಯ ಮಾಡಿಕೊಂಡು, ವಾರಕ್ಕೊಮ್ಮೆ ನಮ್ಮಲ್ಲಿಗೆ ಬಂದು ಹೋಗುತ್ತಿದ್ದರು. ಇದರಲ್ಲಿ ವಿಚಿತ್ರ ಏನಾದರೂ ಇದೆ ಎಂದು ನಮಗೆ ಯಾರಿಗೂ ಅನಿಸಿರಲಿಲ್ಲ. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸುವಾಗ ಮಾಸ್ಟ್ರು ಅಮ್ಮನನ್ನು "ಯಜಮಾನರ ಹೆಸರೇನಮ್ಮ?" ಎಂದು ಕೇಳಿದರಂತೆ. ಅಮ್ಮ ತನ್ನ ಅಣ್ಣನ ಹೆಸರು ಹೇಳಿದಳು. ಮಾಸ್ಟ್ರು ಘಟ್ಟದ ಮೇಲಿನವರು. ಅವರ ಕಡೆ ಯಜಮಾನರೆಂದರೆ ಗಂಡ. ಅವರು ಅದನ್ನೇ ನನ್ನ ತಂದೆಯ ಹೆಸರು ಎಂದು ಬರೆದುಕೊಂಡರು. ಹೈಸ್ಕೂಲಿನಲ್ಲೂ ಅದೇ ಮುಂದುವರಿಯಿತು. ಮಾವನಿಗೆ ಗೊತ್ತಿತ್ತು. ತಿದ್ದಿಸಬಹುದಿತ್ತು, ತಿದ್ದಿಸಲಿಲ್ಲ. ಒಳಗೊಳಗೇ ಅವರಿಗೆ ಖುಷಿಯೇ ಆಗಿತ್ತೆಂದು ನನ್ನ ಗುಮಾನಿ.

ಮೆಡಿಕಲ್ ಸೀಟಿಗೆ ಮಾರ್ಕು ಒಂದೇ ಸಾಲದು, ಇಂಟರ್‌ವ್ಯೂ ಮಾಡುತ್ತಾರೆ ಎಂದು ಹೆಡ್ಮಾಸ್ಟ್ರು ಹೇಳಿದ್ದೇ ತಡ, ನಮ್ಮ ಜಗಲಿಯಲ್ಲಿ ದಿನಾ ಸಂಜೆ ಇಂಟರ್‌ವ್ಯೂ ಶುರುವಾಯಿತು. ಮಾವ ಕುರ್ಚಿಯಲ್ಲಿ ಕೂತು ಆಫೀಸರಾಗುತ್ತಿದ್ದರು. ನಾನು ಅಂಗಳದಿಂದ ಮೆಟ್ಟಿಲು ಹತ್ತಿ "ಮೇ ಐ ಕಮಿನ್ ಸರ್" ಅನ್ನಬೇಕು. ಉತ್ತರ ತಡವರಿಸಿದರೆ ಬೆತ್ತ. ಅಪ್ಪಯ್ಯ ಬಂದ ದಿನ ಜಗಲಿಯ ಮೂಲೆಯಲ್ಲಿ ಕೂತು, ಒಂದಕ್ಷರ ಇಂಗ್ಲಿಷ್ ಬಾರದಿದ್ದರೂ, ನನ್ನ ಜೊತೆಗೆ ತುಟಿ ಆಡಿಸುತ್ತಿದ್ದರು.

"ಭಾವ, ಇವತ್ತಿಗ್ ಸಾಕ್ ಬಿಡಿ," ಎಂದು ಒಮ್ಮೆ ಅಂದಿದ್ದರು.

"ನೀವ್ ಸುಮ್ನೆ ಕೂಕಣಿ. ಅಲ್ಲ್ ಕೂತವ್ರ್ ನಿಮ್ಮಾಂಗ್ ಪಾಪ ಕಾಂತ್ರಾ?" ಎಂದು ಮಾವ ಬಾಯಿ ಮುಚ್ಚಿಸಿದರು.

ಇಷ್ಟೆಲ್ಲ ಪ್ರಶ್ನೆ ಕೇಳಿದ ಮಾವ ಒಂದನ್ನು ಮಾತ್ರ ಕೇಳಲಿಲ್ಲ. ನಿನ್ನ ತಂದೆ ಏನು ಮಾಡುತ್ತಾರೆ?

ಪಿಯುಸಿ ಆದ ಮೇಲೆ ಬೆಂಗಳೂರಿನಿಂದ ಕರೆ ಬಂತು. ಮಾವನಿಗೆ ಜ್ವರ, ಅಪ್ಪಯ್ಯ ಜೊತೆಗೆ ಬಂದರು. ಒಗೆದ ಪಂಚೆ ಉಟ್ಟು, ಎರವಲು ಕೋಟು ಹಾಕಿಕೊಂಡು, ಬಾಗಿಲ ಹೊರಗೆ ನಿಂತರು. ಒಳಗೆ ಕಪ್ಪೆಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಕನ್ನಡಕದವರೊಬ್ಬರು ನನ್ನ ತಂದೆಯ ಕೆಲಸ ಏನು ಎಂದರು.

"ಗುಲ್ವಾಡಿಯಲ್ಲಿ ಅವರ ಅಕ್ಕನ ಗದ್ದೆ ನೋಡಿಕೊಳ್ಳುತ್ತಾರೆ."

"ಅರ್ಜಿಯಲ್ಲಿ ಬಿಜೂರು, ಸ್ವಂತ ಜಮೀನು ಅಂತಿದೆಯಲ್ಲ?"

"ಅದು ಮಾವ, ಸರ್."

"ಮಾವನೇ? ಇಷ್ಟು ಬೇಗ ಮದುವೆ ಆಗಿದೆಯೇ ನಿನಗೆ?"

ಎಲ್ಲರೂ ನಕ್ಕರು. ಅವರ ಕಡೆ ಮಾವನೆಂದರೆ ಹೆಂಡತಿಯ ಅಪ್ಪ. ನಾನು ಅಳಿಯಕಟ್ಟು, ಯಜಮಾನಿಕೆ ಎಂದು ಏನೇನೋ ತೊದಲಿದೆ. ನಗು ನಿಂತಿತು. ಕನ್ನಡಕದವರು, "ತಂದೆ ಒಬ್ಬರು, ಸರ್ಟಿಫಿಕೇಟಿನಲ್ಲಿ ಇನ್ನೊಬ್ಬರು. ಇದು ನಿನ್ನದೇನಾ, ಬೇರೆ ಯಾರದ್ದಾದರೂ ತಂದಿದ್ದೀಯಾ? ಜೊತೆಗೆ ಬಂದವರನ್ನು ಕರಿ," ಅಂದರು.

ಅಪ್ಪಯ್ಯ ಒಳಗೆ ಬಂದರು. ಬಾಗಿಲ ಹೊರಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದರು.

"ನೀವು ಯಾರು?"

ಅಪ್ಪಯ್ಯ ನನ್ನ ಕಡೆ ನೋಡಲಿಲ್ಲ. ಹೆಗಲ ಮೇಲಿನ ಬೈರಾಸು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನ್ ಇವ್ರ ಮನೆ ಕೆಲ್ಸದವ, ಸ್ವಾಮಿ. ಮಾಣಿ ಹೆದ್ರಿ ಎಂತೆಂತದೋ ಹೇಳ್ತ. ಕಾಗ್ದದಲ್ ಇಪ್ದೇ ಸರಿ."

ನಾನು ಬಾಯಿ ತೆರೆದೆ. ಕನ್ನಡಕದವರು ಕೈಯೆತ್ತಿ ಸಾಕೆಂದರು. ಮುಂದಿನವನನ್ನು ಕರೆದರು.

ಸೀಟು ಸಿಕ್ಕಿತು. ಊರಲ್ಲಿ ಪಾಯಸ ಮಾಡಿದರು. ಅಪ್ಪಯ್ಯನೂ ಉಂಡರು, ಆದರೆ ಊಟ ಮುಗಿದದ್ದೇ ನನ್ನನ್ನು ಬಾವಿಕಟ್ಟೆಯ ಹತ್ತಿರ ಕರೆದು, "ಇನ್ ಮೇಲೂ ಹಾಂಗೇ ಹೇಳ್ಕ್. ಸರ್ಕಾರದ ಎದ್ರ್ ಸುಳ್ ಹೇಳಿದ್ದ್ ಗೊತ್ತಾರೆ ಸೀಟ್ ತೆಗಿತ್ರ್," ಅಂದರು. ಹಾಗೇನೂ ಆಗುವುದಿಲ್ಲ ಎಂದು ನಾನು ಹೇಳಿದೆ. ಆಮೇಲೆ ಎಷ್ಟು ಸಲ ಹೇಳಿದೆನೋ! ಅವರ ತಲೆಗೆ ಅದು ಹೋಗಲೇ ಇಲ್ಲ. ನನ್ನ ಕಾಲೇಜಿನ ಕಡೆ ತಲೆ ಹಾಕಲಿಲ್ಲ, ಕಾಗದ ಬರೆಸಲಿಲ್ಲ.

ನಾನು ಓದಿನ ಕೊನೆಯ ವರ್ಷಕ್ಕೆ ಬಂದಿದ್ದೆ. ಗದ್ದೆ ಉಳುವಾಗ ಅವರ ಕಾಲಿಗೆ ನೇಗಿಲ ಗುಳ ತಾಗಿತು. ಸಕ್ಕರೆ ಕಾಯಿಲೆ ಇದ್ದದ್ದು ಯಾರಿಗೂ ಗೊತ್ತಿರಲಿಲ್ಲ. ಗಾಯ ಮಾಯಲಿಲ್ಲ. ಕುಂದಾಪುರದ ಡಾಕ್ಟರು ದೊಡ್ಡ ಆಸ್ಪತ್ರೆಗೆ ಕೊಂಡುಹೋಗಿ ಎಂದರು. ಅದು ನಾನು ಓದುತ್ತಿದ್ದ ಕಾಲೇಜಿನ ಆಸ್ಪತ್ರೆಯೇ. ಅಪ್ಪಯ್ಯ ಒಪ್ಪಲಿಲ್ಲ. ನಾನು ಗುಲ್ವಾಡಿಗೆ ಓಡಿ ಬಂದೆ.

"ಸೀಟ್ ಹೋರೆ ಹೋಯ್ಲಿ, ಅಪ್ಪಯ್ಯ, ಕಾಲ್ ಕಪ್ಪಾತಾ ಇತ್ತ್."

"ಇಷ್ಟ್ ವರ್ಷ ಓದಿದ್ದ್ ನೀರಿಗ್ ಹಾಕ್ತ್ಯಾ? ನಂಗೆಂತ ಆಯ್ಲಿಲ್ಲೆ. ಮದ್ದ್ ಅರೆದ್ ಕಟ್ಟಿರೆ ಗುಣ ಆತ್ತ್."

ನನಗೆ ಬಂದ ಸಿಟ್ಟಿಗೆ ಅಂಗಳದಲ್ಲಿದ್ದ ಕೊಡಪಾನ ಒದ್ದೆ. ಕಡೆಗೆ, ಜ್ವರ ಏರಿ ಎದ್ದು ಕೂರಲಾಗದಾಗ ಅವರು ಒಂದು ಕರಾರಿನ ಮೇಲೆ ಬಂದರು. ಕೆಲಸದವ ಎಂದೇ ಸೇರಿಸಬೇಕು. ಮಾವ ತಲೆಯಾಡಿಸಿದರು. ನಾನೂ ಹೂಂ ಅಂದೆ, ಬರಲಿ, ಬಂದರೆ ಸಾಕು ಎಂದು.

ವಾರ್ಡಿನಲ್ಲಿ ಅಪ್ಪಯ್ಯ ನನ್ನನ್ನು ಬಹುವಚನದಲ್ಲಿ ಮಾತಾಡಿಸಿದರು. ಪ್ರೊಫೆಸರು ನಮ್ಮನ್ನೆಲ್ಲ ಸುತ್ತ ನಿಲ್ಲಿಸಿಕೊಂಡು ಕಾಲಿನ ಕಟ್ಟು ಬಿಚ್ಚಿ, ಇಷ್ಟು ತಡ ಮಾಡಿದ್ದು ಯಾಕೆ ಎಂದು ಗದರಿದರು. ನಂಜು ಮೇಲೇರಿದೆ, ಈಗ ಕಾಲು ಕತ್ತರಿಸಿದರೂ ಪ್ರಯೋಜನ ಇಲ್ಲ ಎಂದು ನಮಗೆ ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಆ ಇಂಗ್ಲಿಷ್ ಚೆನ್ನಾಗಿ ಅರ್ಥವಾಯಿತು. ಅಪ್ಪಯ್ಯ ನನ್ನ ಮುಖವನ್ನೇ ನೋಡುತ್ತಿದ್ದರು. ಎಲ್ಲರೂ ಮುಂದಿನ ಮಂಚಕ್ಕೆ ಹೋದರು. ನಾನು ಅಲ್ಲೇ ನಿಂತೆ.

"ನೀವ್ ಹೋಯ್ನಿ ಒಡೆರೆ, ಪಾಠ ಇತ್ತಲ್ದಾ," ಅಂದರು.

ಮರುದಿನ ಬೆಳಿಗ್ಗೆ ಅವರು ತೀರಿಕೊಂಡರು.

ಹೆಣ ಬಿಡಿಸಿಕೊಳ್ಳಲು ಹೋದೆ. ನೀವು ಯಾರು ಎಂದು ಗುಮಾಸ್ತ ಕೇಳಿದ. ಮಗ ಎಂದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನನಗೆ ಮಕ್ಕಳಿಲ್ಲ ಅಂತ ಅವರೇ ಹೇಳಿದ್ದಾರಲ್ಲ ಸಾರ್," ಅಂದ. ಕಾಲೇಜಿನ ಕಾರ್ಡು ತೋರಿಸಿದೆ. ಅದರಲ್ಲಿದ್ದದ್ದು ಮಾವನ ಹೆಸರು. ನಾನು ಕೂಗಾಡಿದೆ, ಮೇಜು ಗುದ್ದಿದೆ. ಮಾವ ಹಿಂದಿನಿಂದ ಬಂದು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ನಮ್ಮ ಮನೆಯ ಆಳು ಎಂದು ಹೇಳಿ, ಯಜಮಾನ ಎಂದು ಸಹಿ ಹಾಕಿ, ಅಪ್ಪಯ್ಯನನ್ನು ಬಿಡಿಸಿಕೊಂಡರು.